ಸುವರ್ಣಗಿರಿಯನ್ನು ಹುಡುಕುವ ದಾರಿ

ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿ. ಅಲ್ಲಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಉಳಿದಿದೆ. ಊರು ಎಲ್ಲಿತ್ತೆಂಬುದು ಮಾತ್ರ ತೀರ್ಮಾನವಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳ ಜಿಲ್ಲೆಯ ಕನಕಗಿರಿ, ಆಂಧ್ರದ ಜೊನ್ನಗಿರಿ, ಮೂರಕ್ಕೂ ವಾದಿಸುವವರಿದ್ದಾರೆ.

ಮಸ್ಕಿಯ ಪರವಾದ ವಾದಕ್ಕೆ ಬಲ ಕೊಡುವುದು ಚಿನ್ನ. ಹತ್ತಿರದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಸೀಳುತ್ತ ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2,000 ವರ್ಷ. ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಕಂಡದ್ದು ಬ್ರಾಹ್ಮಿ ಅಕ್ಷರ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಪ್ರಕಟಿಸಿದರು. ದೇವಾನಾಂಪ್ರಿಯನೆಂಬ ಬಿರುದಿನ ಜತೆ ಅಶೋಕನ ಹೆಸರೂ ಇರುವ ಶಾಸನ ಮೊದಲು ಸಿಕ್ಕಿದ್ದು ಇಲ್ಲಿ. ಅಲ್ಲಿಯವರೆಗೆ ಆ ದೊರೆಯ ಗುರುತಿಗೆ ಸಿಂಹಳದ ಪುರಾಣಚರಿತ್ರೆಗಳೇ ಮುಖ್ಯ ಆಧಾರವಾಗಿದ್ದವು. ಶಾಸನದ ತಿರುಳೂ ದೊಡ್ಡದು: ಧರ್ಮದಿಂದ ನಡೆದರೆ ಚಿಕ್ಕವನಿಗೂ ಸ್ವರ್ಗ ದೊರೆಯುತ್ತದೆ, ಅದು ದೊಡ್ಡವರ ಸೊತ್ತಲ್ಲ.

ಕೋಟೆ, ಕಂಬ, ಕಮಾನು ಇದ್ದರಷ್ಟೇ ರಾಜಧಾನಿ ಎನ್ನುವ ಒಂದು ಪ್ರವಾಸಿ ಪಂಥವಿದೆ. ಅದಕ್ಕೆ ಅಳತೆಗೋಲು ಹಂಪಿ. ಹಂಪಿಗೆ ಹೋಗುವ ದಾರಿಯಲ್ಲಿ ಮಸ್ಕಿಗೆ ಅರ್ಧ ಗಂಟೆ ಕೊಟ್ಟು ಬಂಡೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವುದು ಅದರ ಕ್ರಮ. ಈ ಕ್ರಮ ತಪ್ಪು. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದಿಂದ ಮಧ್ಯಯುಗದವರೆಗಿನ ವಸತಿಯ ಪದರಗಳು ಸಿಕ್ಕಿವೆ. ಗುಡ್ಡದ ಸುತ್ತ ಅರ್ಧ ದಿನ ನಡೆಯದೆ ಆ ಊರು ಅರ್ಥವಾಗುವುದಿಲ್ಲ.

ರಾಜಧಾನಿಯ ವಿಳಾಸ ಸಿಗದಿದ್ದರೂ ಅಂಥ ಊರಿಗೆ ಬಂದು ಸೇರುವ ಭಾಷೆ, ಮತಗಳೆಲ್ಲ ಈ ಸೀಮೆಗೆ ಬಂದಿವೆ. ಮಸ್ಕಿಯ ಪ್ರಾಕೃತವೇ ಹೊರಗಿನಿಂದ ಬಂದದ್ದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಹಮನಿಗಳೂ ವಿಜಯನಗರದವರೂ ಕಾದಾಡಿದ ಕೋಟೆಯಿದೆ, ಆದಿಲ್‌ಶಾಹಿ ಕಾಲದಿಂದ ಬಂದ ಕ್ಯಾಥೊಲಿಕ್ ಸಮುದಾಯವಿದೆ. ಮೊಹರಂನಲ್ಲಿ ಆಲಾಯಿ ದೇವರ ಮುಂದೆ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇದ್ದಾರೆ.

ಲಿಂಗಸುಗೂರಿನ ಚರಿತ್ರೆ ದಂಡಿನದು. ಹೈದರಾಬಾದ್ ಕಂಟಿಂಜೆಂಟ್ ಪಡೆ ಇಲ್ಲಿ ಛಾವಣಿ ಹೂಡಿತ್ತು. 1853ರಲ್ಲಿ ನಿಜಾಮ ಆ ಪಡೆಯ ಖರ್ಚಿನ ಬಾಕಿಗಾಗಿ ರಾಯಚೂರು ದೋಆಬನ್ನು ಕಂಪನಿಗೆ ಒಪ್ಪಿಸಿದ. 1860ರಲ್ಲಿ ಅದು ಮರಳಿ ಬಂತು. ನಡುವೆ, 1858ರ ಫೆಬ್ರವರಿಯಲ್ಲಿ ಬಂಡೆದ್ದ ಸುರಪುರದ ಮೇಲೆ ನಡೆದ ಪಡೆಗಳಲ್ಲಿ ಒಂದು ಇಲ್ಲಿಂದ ಹೊರಟಿತು. 1905ರವರೆಗೆ ಇದು ಜಿಲ್ಲಾ ಕೇಂದ್ರ. ಅರಮನೆ ಹುಡುಕುವವರಿಗೆ ಇಲ್ಲಿ ಸಿಗುವುದು ಕಡಿಮೆ. ಆಡಳಿತ ಬಿಟ್ಟುಹೋದದ್ದು ಮಾತಿನಲ್ಲಿದೆ: ತಾಲ್ಲೂಕು, ಕಸಬಾ, ಜಮೀನು.

ಸಿಂಧನೂರಿಗೆ ಜನರನ್ನು ಕರೆತಂದದ್ದು ನೀರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆ ಹರಿದ ಮೇಲೆ ಜೋಳ, ಹತ್ತಿಯ ಎರಿ ಹೊಲಗಳು ಗದ್ದೆಗಳಾದವು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು, ಮಟ್ಟ ಮಾಡಿ, ಭತ್ತ ನಾಟಿ ಮಾಡಿದರು. ಅವರ ವಸತಿಗಳಿಗೆ ‘ಕ್ಯಾಂಪ್’ ಎಂಬ ಹೆಸರು ಶಾಶ್ವತವಾಗಿ ಅಂಟಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಆರ್.ಎಚ್. ಕ್ಯಾಂಪ್‌ಗಳೂ ಈ ತಾಲ್ಲೂಕಿನಲ್ಲಿವೆ. ಈ ಸೀಮೆಯ ಪ್ರವಾಸ ಮುಗಿಯಬೇಕಾದದ್ದು ಅಲ್ಲಿ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ಪಕ್ಕದ ಕ್ಯಾಂಪಿನಲ್ಲಿ ತೆಲುಗು ಎಂಬಂಥ ಬಾಳು ಕರ್ನಾಟಕದಲ್ಲಿ ಬೇರೆಡೆ ಅಪರೂಪ.

ಹೋಗಲು ಒಳ್ಳೆಯ ಕಾಲ ದಸರೆ. ಬಂಗಾಳಿ ಕ್ಯಾಂಪ್‌ಗಳಲ್ಲಿ ಆಗ ದುರ್ಗಾಪೂಜೆ. ಅದೇ ವಾರದ ಕೊನೆಗೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬೀದಿಗಳಲ್ಲಿ ಜನ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಅದನ್ನು ಬಂಗಾರವೆಂದೇ ಕರೆಯುತ್ತಾರೆ.