ಸ್ಟೂಲಿನ ಮೇಲೆ ಕೂತು ಹಾಡಿದಾಕೆ

ರೋಲಿಂಗ್ ಸ್ಟೋನ್ಸ್ ತಂಡದ ‘ಗಿಮ್ಮಿ ಶೆಲ್ಟರ್’ ಹಾಡು ಮೂರನೇ ನಿಮಿಷ ಮುಟ್ಟುವ ಹೊತ್ತಿಗೆ ಒಂದು ದನಿ ಒಡೆಯುತ್ತದೆ. ಆಗ ತಂಡದ ಗಾಯಕ ಮಿಕ್ ಜ್ಯಾಗರ್ ಹಾಡುತ್ತಿರುವುದಿಲ್ಲ. ಹೆಣ್ಣುದನಿಯೊಂದು ಒಂದೇ ಸಾಲನ್ನು ಮತ್ತೆ ಮತ್ತೆ ಹಿಡಿದು, ಪ್ರತಿ ಸಲ ಇನ್ನಷ್ಟು ಬಿಗಿಯಾಗಿ ಹಾಡುತ್ತಿರುತ್ತದೆ. ಕೆಲವೇ ಸೆಕೆಂಡುಗಳ ಅಂತರದಲ್ಲಿ ಅದು ಎರಡು ಕಡೆ ಬಿರಿಯುತ್ತದೆ. ಎರಡನೆಯ ಬಿರುಕು ಬರುವುದು ಕೊಲೆ ಎಂಬ ಅರ್ಥದ ಪದದ ಮೇಲೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಅದರ ಬೆನ್ನಿಗೇ ಹಿಂದಿನಿಂದ ಸಣ್ಣಗೆ ‘ವೂ’ ಎಂಬ ಉದ್ಗಾರ ಕೇಳಿಸುತ್ತದೆ. ಅದು ಜ್ಯಾಗರ್ ಅವರದು. ಆ ಉದ್ಗಾರವನ್ನಾಗಲಿ, ಆ ಬಿರುಕನ್ನಾಗಲಿ ಅಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

ನನ್ನದು ಕಚೇರಿ ಕೇಳಿ ಬೆಳೆದ ಕಿವಿ. ತಾರಸ್ಥಾಯಿಯಲ್ಲಿ ದನಿ ಒಡೆದರೆ ಅದು ದೋಷ ಎಂದೇ ತಿಳಿದವನು. ಕಾಲೇಜಿನ ದಿನಗಳಲ್ಲಿ ಗೆಳೆಯನ ಕ್ಯಾಸೆಟ್ಟಿನಲ್ಲಿ ಈ ಹಾಡನ್ನು ಮೊದಲು ಕೇಳಿದಾಗ ಟೇಪು ಸವೆದಿದೆ ಅಂದುಕೊಂಡೆ. ಹತ್ತಿಗೆ ಸ್ಪಿರಿಟ್ ಅದ್ದಿ ಪ್ಲೇಯರಿನ ಹೆಡ್ ಒರೆಸಿ ಮತ್ತೆ ಹಾಕಿದೆ. ಅದೇ ಜಾಗದಲ್ಲಿ ಅದೇ ಬಿರುಕು. ಮೂರನೆಯ ಸಲ ಕೇಳುವಾಗ ಮೈ ಜುಮ್ಮೆಂದಿತು. ಆ ದನಿ ಯಾರದೆಂದು ಗೊತ್ತಾಗಲು ಮಾತ್ರ ಬಹಳ ವರ್ಷ ಬೇಕಾಯಿತು.

ಆಕೆ ಮೆರ್ರಿ ಕ್ಲೇಟನ್. ಹುಟ್ಟಿದ್ದು 1948ರ ಡಿಸೆಂಬರ್ 25ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. ಕ್ರಿಸ್ಮಸ್ ದಿನ ಹುಟ್ಟಿದ ಮಗುವಾದ್ದರಿಂದ ಆ ಹೆಸರು. ತಂದೆ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ಮಗಳ ಹಾಡಿಕೆ ಶುರುವಾದದ್ದೂ ಚರ್ಚಿನಲ್ಲೇ. ಕಪ್ಪು ಜನರ ಆ ಚರ್ಚುಗಳ ಗಾಸ್ಪೆಲ್ ಗಾಯನದಲ್ಲಿ ದನಿ ಒಡೆಯುವುದು ತಪ್ಪಲ್ಲ. ಹೇಳಬೇಕಾದದ್ದು ಗಂಟಲಿಗಿಂತ ದೊಡ್ಡದಾದಾಗ ಗಂಟಲು ಬಿರಿಯಲೇಬೇಕು, ಕೇಳುವವರು ಕಾಯುವುದೇ ಆ ಗಳಿಗೆಗೆ. ಹದಿಹರೆಯದಲ್ಲೇ ಬಾಬಿ ಡ್ಯಾರಿನ್ ಜೊತೆ ಯುಗಳಗೀತೆ ಹಾಡಿದ ಹುಡುಗಿ ಮುಂದೆ ರೇ ಚಾರ್ಲ್ಸ್ ಅವರ ಹಿನ್ನೆಲೆ ಗಾಯಕಿಯರ ತಂಡವಾದ ರೇಲೆಟ್ಸ್ ಸೇರಿದರು. ಚಾರ್ಲ್ಸ್ ಅವರ ವಾದ್ಯವೃಂದದ ಸ್ಯಾಕ್ಸೊಫೋನ್ ವಾದಕ ಕರ್ಟಿಸ್ ಏಮಿ ಅವರನ್ನು ಮದುವೆಯಾದರು.

1969ರ ಶರತ್ಕಾಲ, ಲಾಸ್ ಏಂಜಲೀಸ್. ನಡುರಾತ್ರಿಯ ಹೊತ್ತಿಗೆ ಮನೆಯ ಫೋನ್ ರಿಂಗಣಿಸಿತು. ಕರೆದವರು ಸಂಗೀತ ಸಂಯೋಜಕ ಜ್ಯಾಕ್ ನಿಚೆ. ಇಂಗ್ಲೆಂಡಿನಿಂದ ಒಂದು ತಂಡ ಬಂದಿದೆ, ಹಾಡಿಗೆ ಹೆಣ್ಣುದನಿ ಬೇಕು, ಈಗಲೇ ಬರಬೇಕು. ಕ್ಲೇಟನ್ ಆಗ ಬಸುರಿ, ವಯಸ್ಸು 20. ತಲೆಗೆ ರೋಲರ್ ಸುತ್ತಿಕೊಂಡು, ರೇಷ್ಮೆ ಪೈಜಾಮದಲ್ಲಿ ಮಲಗಿದ್ದವರು. ಒಲ್ಲೆ ಎಂದವರನ್ನು ಗಂಡನೇ ಒಪ್ಪಿಸಿದರು. ತಲೆಗೊಂದು ಸ್ಕಾರ್ಫ್, ಪೈಜಾಮದ ಮೇಲೊಂದು ತುಪ್ಪಳದ ಕೋಟು, ಹಾಗೆಯೇ ಹೊರಟರು.

ಸ್ಟುಡಿಯೋದಲ್ಲಿ ಕೈಗೆ ಕೊಟ್ಟ ಸಾಲು ಹಿಂಸೆಯದು, ಹತ್ಯೆಯದು. ಇದೇನಿದು, ಇದನ್ನೇಕೆ ಹಾಡಬೇಕು ಎಂದು ಮೊದಲು ಕೇಳಿದರಂತೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು, ಹಾಡು ಎದ್ದು ನಿಂತದ್ದೇ ಆ ಭಯದ ಮೇಲೆ. ಹೊಟ್ಟೆ ಭಾರವಾಗಿದ್ದರಿಂದ ಕೂರಲು ಎತ್ತರದ ಸ್ಟೂಲು ಹಾಕಿಕೊಟ್ಟರು. ಒಮ್ಮೆ ಹಾಡಿದ್ದಾಯಿತು. ಇನ್ನೊಮ್ಮೆ ಹಾಡುತ್ತೀರಾ ಎಂದಾಗ, ಇವರನ್ನೆಲ್ಲ ಈ ಕೋಣೆಯಿಂದಲೇ ಹಾರಿಸಿಬಿಡುತ್ತೇನೆ ಎಂದು ಹಠ ಹಿಡಿದು ಒಂದು ಸ್ಥಾಯಿ ಮೇಲೆ ಹೋದೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಎರಡು ಮೂರು ಟೇಕ್‌ಗಳಲ್ಲಿ ಕೆಲಸ ಮುಗಿಯಿತು. ಕೋಟು ಹಾಕಿಕೊಂಡು ಮನೆಗೆ ಹೋದರು.

ಆಮೇಲೆ ಮಗು ಉಳಿಯಲಿಲ್ಲ.

ಸ್ಟೂಲಿನ ಮೇಲೆ ಕೂತು ಅಷ್ಟು ಬಲ ಹಾಕಿ ಹಾಡಿದ್ದರಿಂದಲೇ ಗರ್ಭಪಾತವಾಯಿತು ಎಂಬ ಮಾತು ಈ ಹಾಡಿನ ಜೊತೆ ಐದು ದಶಕಗಳಿಂದ ನಡೆದು ಬಂದಿದೆ. ಇಂಥ ಕಾರಣದಿಂದಲೇ ಗರ್ಭ ಹೋಯಿತು ಎಂದು ಬೆರಳಿಟ್ಟು ತೋರಿಸುವುದು ಬಹಳ ಸಲ ವೈದ್ಯರಿಂದಲೂ ಆಗದ ಕೆಲಸ. ನಾನಂತೂ ಹಾಗೆ ಹೇಳಲಾರೆ. ಕ್ಲೇಟನ್ 1986ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದು ಇಷ್ಟು: ಅದು ಬದುಕಿನ ಕಡುಗತ್ತಲ ಕಾಲ, ದೇವರು ಕೊಟ್ಟ ಬಲದಿಂದ ದಾಟಿದೆ, ಈಗ ಆ ಹಾಡನ್ನು ಹಾಡಲು ತೊಂದರೆಯಿಲ್ಲ.

ನನಗೆ ಸಂಕಟವಾಗುವುದು ಈ ಕತೆಯನ್ನು ಜನ ಬಳಸುವ ರೀತಿಗೆ. ಆ ಬಿರುಕಿನಲ್ಲಿ ತಾಯಿಯ ದುಃಖ ಕೇಳಿಸುತ್ತದೆ ಎಂದು ಬರೆಯುವವರಿದ್ದಾರೆ. ನೋವಿಲ್ಲದೆ ಇಂಥ ಕಲೆ ಹುಟ್ಟುವುದಿಲ್ಲ ಎನ್ನುವವರಿದ್ದಾರೆ. ದಯವಿಟ್ಟು ಮೊದಲು ಯಾವುದು, ಆಮೇಲೆ ಯಾವುದು ಎಂದು ನೋಡಿ. ಟೇಪು ಓಡುತ್ತಿದ್ದಾಗ ದುಃಖ ಇನ್ನೂ ಬಂದಿರಲಿಲ್ಲ. ಹಾಡಿನ ಮೂರನೇ ನಿಮಿಷದಲ್ಲಿ ಆ ಮಗು ತಾಯಿಯ ಹೊಟ್ಟೆಯಲ್ಲೇ ಇದೆ. ನಾವು ಕೇಳುತ್ತಿರುವುದು ಚರ್ಚಿನಲ್ಲಿ ಕಲಿತ ವಿದ್ಯೆಯನ್ನು, ನಿದ್ದೆಗೆಟ್ಟ ಹೆಣ್ಣುಮಗಳೊಬ್ಬಳ ಛಲವನ್ನು, ಇಪ್ಪತ್ತರ ಪ್ರಾಯದ ಶ್ವಾಸಕೋಶವನ್ನು. ಅದು ದುಡಿಮೆ, ಪಳಗಿದ ಕೈಯ ದುಡಿಮೆ. ಅದನ್ನು ಶೋಕ ಎಂದು ಕರೆದುಬಿಟ್ಟರೆ ಆಕೆಯ ವಿದ್ಯೆಯನ್ನು ವಿಧಿಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಆ ದುಡಿಮೆಗೆ ಸಿಕ್ಕ ಮನ್ನಣೆ ನೋಡಿ. ಈ ಹಾಡಿರುವ ‘ಲೆಟ್ ಇಟ್ ಬ್ಲೀಡ್’ ಆಲ್ಬಮ್ 1969ರ ಕೊನೆಗೆ ಹೊರಬಂದಾಗ ಕಲಾವಿದರ ಪಟ್ಟಿಯಲ್ಲಿ ಅಚ್ಚಾದದ್ದು ಮೇರಿ ಕ್ಲೇಟನ್ ಎಂದು. ನಮ್ಮ ಲಿಪಿಯಲ್ಲಿ ಒಂದು ದೀರ್ಘ, ಒಂದು ಒತ್ತಿನ ವ್ಯತ್ಯಾಸ. ಹಾಡಿನ ಕರ್ತೃಗಳಾಗಿ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಅವರ ಹೆಸರಿದೆ. ಅದು ನ್ಯಾಯವೇ, ಬರೆದವರು ಅವರು. ಆದರೆ ಸೆಷನ್ ಗಾಯಕಿ ಎಂದರೆ ಬಂದು, ಹಾಡಿ, ಆ ಹೊತ್ತಿನ ಸಂಭಾವನೆ ತೆಗೆದುಕೊಂಡು ಹೋಗುವವಳು. ಅಮೆರಿಕದ ಎಫ್‌ಎಂ ರೇಡಿಯೋಗಳು ಹಾಡು ಹಾಕಿದಾಗ ಹಾಡಿದವರಿಗೆ ಇವತ್ತಿಗೂ ಗೌರವಧನ ಕೊಡುವುದಿಲ್ಲ. ಹಣ ಹೋಗುವುದು ಬರೆದವರಿಗೆ, ಅವರ ಪ್ರಕಾಶಕರಿಗೆ.

ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಕ್ಲೇರ್ ಟೋರಿ ಎಂಬ ಗಾಯಕಿ ಪಿಂಕ್ ಫ್ಲಾಯ್ಡ್ ತಂಡದ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಗೆ ದನಿ ಕೊಟ್ಟರು. ಸಾಹಿತ್ಯವಿಲ್ಲ, ಸ್ವರಪ್ರಸ್ತಾರವಿಲ್ಲ, ಹಾಡುತ್ತ ಹಾಡುತ್ತ ಕಟ್ಟಿದ್ದೇ ಎಲ್ಲ. ಭಾನುವಾರದ ದುಪ್ಪಟ್ಟು ದರದಲ್ಲಿ ಕೈಗೆ ಬಂದದ್ದು 30 ಪೌಂಡ್. 2004ರಲ್ಲಿ ಅವರು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು, ಈಗ ಆ ಹಾಡಿನ ಸಂಯೋಜಕರ ಜಾಗದಲ್ಲಿ ತಂಡದ ರಿಚರ್ಡ್ ರೈಟ್ ಜೊತೆ ಟೋರಿ ಹೆಸರೂ ಇದೆ. ಕ್ಲೇಟನ್ ಹಾಡಿದ್ದು ಬರೆದು ಕೊಟ್ಟ ಸಾಲು, ಆದ್ದರಿಂದ ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೂ ಆ ಮೂರನೇ ನಿಮಿಷವನ್ನು ಕಾಗದದ ಮೇಲೆ ಯಾರೂ ಬರೆದಿರಲಿಲ್ಲ.

ಕ್ಲೇಟನ್ ಕೋರ್ಟಿಗೆ ಹೋಗಲಿಲ್ಲ, ಹಾಡಿದರು. 1970ರಲ್ಲಿ, ಅಂದರೆ ಮಗು ಹೋದ ಮರುವರ್ಷವೇ, ಅದೇ ಹಾಡನ್ನು ತಮ್ಮ ಹೆಸರಿನಲ್ಲಿ ಮುದ್ರಿಸಿದರು. ಮೊದಲ ಸ್ವಂತ ಆಲ್ಬಮ್ಮಿಗೂ ಅದರದ್ದೇ ಹೆಸರು. ಹಿತ್ತಾಳೆ ವಾದ್ಯಗಳ ಅಬ್ಬರದ ನಡುವೆ ಈ ಸಲ ದನಿ ಎಲ್ಲೂ ಪಕ್ಕಕ್ಕಿಲ್ಲ, ಮೊದಲಿಂದ ಕೊನೆವರೆಗೂ ಮುಂದೆಯೇ. ಈ ಮುದ್ರಿಕೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 73ನೇ ಸ್ಥಾನ ದಾಟಲಿಲ್ಲ. ನನ್ನ ಲೆಕ್ಕದಲ್ಲಿ ದುಃಖವನ್ನು ಹುಡುಕುವವರು ಹುಡುಕಬೇಕಾದದ್ದು ಇಲ್ಲಿ. ಸಿಗುವುದು ಮಾತ್ರ ಅಳು ಅಲ್ಲ, ಪಟ್ಟು.

ಆಮೇಲಿನ ದಶಕಗಳಲ್ಲಿ ಹಿನ್ನೆಲೆ ದನಿಯಾಗಿ ಮಾಡಿದ ಕೆಲಸ ಬಹಳ. ಲೆನರ್ಡ್ ಸ್ಕಿನರ್ಡ್ ತಂಡದ ‘ಸ್ವೀಟ್ ಹೋಮ್ ಅಲಬಾಮಾ’ದಲ್ಲೂ ಅವರಿದ್ದಾರೆ. ಕಪ್ಪು ಜನರ ಚರ್ಚಿನಲ್ಲಿ ಬಾಂಬಿಟ್ಟು ಹುಡುಗಿಯರನ್ನು ಕೊಂದ ರಾಜ್ಯದ ಹೆಸರು ಹೇಳಿ ಹಾಡಲಾರೆ ಎಂದು ಮೊದಲು ಹಟ ಹಿಡಿದಿದ್ದರು. ಆಗಲೂ ಒಪ್ಪಿಸಿದ್ದು ಗಂಡ. 2013ರ ಸಾಕ್ಷ್ಯಚಿತ್ರ ‘20 ಫೀಟ್ ಫ್ರಮ್ ಸ್ಟಾರ್‌ಡಮ್’ ಆಸ್ಕರ್ ಗೆದ್ದಾಗ ಜನ ಹಿನ್ನೆಲೆ ಗಾಯಕಿಯರ ಮುಖ ನೋಡಿದರು. ಅದರಲ್ಲಿ ಕ್ಲೇಟನ್ ಸ್ಟುಡಿಯೋದಲ್ಲಿ ಕೂತು, ಉಳಿದ ವಾದ್ಯಗಳನ್ನೆಲ್ಲ ತೆಗೆದು ಒಂಟಿಯಾಗಿ ಉಳಿಸಿದ ತಮ್ಮದೇ ದನಿಯನ್ನು ಕೇಳುತ್ತಾರೆ. ಆ ದೃಶ್ಯವನ್ನು ಸಾಧ್ಯವಾದರೆ ನೋಡಿ.

ಆಸ್ಕರ್ ಬಂದ ವರ್ಷವೇ, 2014ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನ ರಸ್ತೆ ಅಪಘಾತದಲ್ಲಿ ಕ್ಲೇಟನ್ ತೀವ್ರವಾಗಿ ಗಾಯಗೊಂಡರು. ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ವೈದ್ಯರು ವಿಷಯ ತಿಳಿಸಿದಾಗ, ನನ್ನ ದನಿಗೆ ಏನಾದರೂ ಆಗಿದೆಯೇ ಎಂದು ಕೇಳಿದರು. ಏನೂ ಆಗಿಲ್ಲ ಎಂದರು. ಅಲ್ಲೇ ಹಾಡಿದರು.

2021ರಲ್ಲಿ ‘ಬ್ಯೂಟಿಫುಲ್ ಸ್ಕಾರ್ಸ್’ ಎಂಬ ಅವರ ಆಲ್ಬಮ್ ಬಂತು. ಬಾಲ್ಯದ ಚರ್ಚಿನ ಹಾಡಿಕೆಯತ್ತ ಮರಳಿದ ಆಲ್ಬಮ್ ಅದು. ದನಿ ತುಸು ತಗ್ಗಿದೆ, ತೂಕ ಹೆಚ್ಚಿದೆ. ಹೊದಿಕೆಯ ಮೇಲೆ ಹೆಸರು ಸರಿಯಾಗಿ ಅಚ್ಚಾಗಿದೆ: ಮೆರ್ರಿ ಕ್ಲೇಟನ್.