ಸರ್ಕಲ್‌ನಲ್ಲಿ ನಿಂತವರು ಏನು ಮಾಡಿದ್ರು?

ಮಡಿಕೇರಿಯಲ್ಲಿ ಯಾರನ್ನಾದ್ರೂ ದಾರಿ ಕೇಳಿ, ಒಬ್ಬರಲ್ಲ ಒಬ್ಬರು ಸೈನಿಕರ ಹೆಸರು ಬಂದೇ ಬರುತ್ತೆ. ತಿಮ್ಮಯ್ಯ ಸರ್ಕಲ್‌ನಿಂದ ಮೇಲೆ ಹೋಗಿ, ದೇವಯ್ಯ ಸರ್ಕಲ್ ಹತ್ರ ಇಳೀರಿ. ನಮ್ಮ ರಾಜ್ಯದ ಬೇರೆ ಯಾವ ಊರಲ್ಲೂ ಸೇನೆಯವರು ಹೀಗೆ ದಿನಬಳಕೆಯ ಮಾತಾಗಿಲ್ಲ. ಅದು ಸಣ್ಣ ವಿಷಯ ಅಲ್ಲ. ಆದರೆ ವೀಕೆಂಡ್‌ಗೆ ಅಲ್ಲಿಗೆ ಹೋಗಿ ರಾಜಾ ಸೀಟಲ್ಲಿ ಸೂರ್ಯಾಸ್ತ ನೋಡಿ, ಕಾಫಿಪುಡಿ ಕಟ್ಟಿಸಿಕೊಂಡು ವಾಪಸ್ ಬರುವ ನಮ್ಮಂಥವರಿಗೆ ಈ ಹೆಸರುಗಳು ಉಳಿಯೋದು ಗೂಗಲ್ ಮ್ಯಾಪ್‌ನ ತಿರುವುಗಳಾಗಿ. ದೇವಯ್ಯ ಅಂದರೆ ಯಾರು ಅಂತ ನನ್ನ ಆಫೀಸಿನ ನಾಲ್ಕೈದು ಜನರನ್ನ ಕೇಳಿದೆ. ಎಲ್ಲರೂ ಕೊಡಗಿಗೆ ಹೋಗಿ ಬಂದವರೇ. ‘ಮಿಲಿಟರಿಯವರು ಅಲ್ವಾ?’ ಅನ್ನೋದರ ಆಚೆಗೆ ಯಾರೂ ಹೋಗಲಿಲ್ಲ. ತಪ್ಪು ಅವರದ್ದಲ್ಲ. ಪುತ್ಥಳಿ ಅನ್ನೋ ಮಾಧ್ಯಮ ಹೇಳೋದೇ ಅಷ್ಟು.

ಜನರಲ್ ತಿಮ್ಮಯ್ಯನವರ ವಿಷಯ ಬೇರೆ ಬಿಡಿ. ಅವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಬರ್ಮಾ ಯುದ್ಧದಿಂದ ಹಿಡಿದು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡದ್ದರವರೆಗೆ ಅವರ ಬದುಕನ್ನ ಹೇಳೋಕೆ ಅಲ್ಲಿ ಕೋಣೆಗಳಿವೆ, ಗೋಡೆಗಳಿವೆ, ಪುರುಸೊತ್ತಿದೆ. ನನ್ನ ತಕರಾರು ಹಳೆ ಖಾಸಗಿ ಬಸ್ ನಿಲ್ದಾಣದ ಹತ್ತಿರ ನಿಂತಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬಗ್ಗೆ. ಅವರ ಮೇಲಲ್ಲ, ಅವರನ್ನ ನಾವು ನಿಲ್ಲಿಸಿರೋ ರೀತಿ ಮೇಲೆ. ಯಾಕಂದ್ರೆ ಅವರ ಕಥೆಯಲ್ಲಿ ಮುಖಕ್ಕಿಂತ, ಸಮವಸ್ತ್ರಕ್ಕಿಂತ ಮುಖ್ಯವಾದದ್ದು ಒಂದಿದೆ. ಅವರು ಏನು ಮಾಡಿದ್ರು ಅಂತ ಅವರ ಕಡೆಯ ಯಾರಿಗೂ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ.

1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ಒಂದು ದಂಡು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಡುತ್ತೆ. ದೇವಯ್ಯ ಆವತ್ತು ಸ್ಟ್ಯಾಂಡ್‌ಬೈ. ಕ್ರಿಕೆಟ್ ಭಾಷೆಯಲ್ಲಿ ಹೇಳೋದಾದ್ರೆ ಹನ್ನೆರಡನೇ ಆಟಗಾರ. ಮುಂದಿನವರಲ್ಲಿ ಯಾರಾದರೂ ಹೋಗೋಕಾಗದಿದ್ರೆ ಮಾತ್ರ ಅವರ ಸರದಿ. ಸರದಿ ಬಂತು, ಹೋದರು. ದಾಳಿ ಮುಗಿಸಿ ವಾಪಸಾಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರ ಬೆನ್ನು ಹತ್ತಿತು. ಅಮೆರಿಕದಲ್ಲಿ ತಯಾರಾದ ಆ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವಂಥದ್ದು. ಫ್ರೆಂಚರ ಹಳೆಯ ಮಿಸ್ಟೇರ್‌ಗೆ ನೆಟ್ಟಗೆ ಹಾರುವಾಗ ಶಬ್ದದ ವೇಗ ಮುಟ್ಟೋದೂ ಕಷ್ಟ. ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ದೇವಯ್ಯನವರ ವಿಮಾನಕ್ಕೆ ಗುಂಡು ಬಿತ್ತು. ಬಿದ್ದ ಮೇಲೂ ಅವರು ತಿರುಗಿ ಸೆಣಸಿದರು, ಸ್ಟಾರ್‌ಫೈಟರ್‌ಗೆ ಗುರಿಯಿಟ್ಟು ಹೊಡೆದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಉಳಿಯಲಿಲ್ಲ.

ಇದಿಷ್ಟನ್ನ ನಾನು ಈಗ ಒಂದು ಪ್ಯಾರಾದಲ್ಲಿ ಬರೆದೆ. ಆದಂಪುರಕ್ಕೆ ಆವತ್ತು ಗೊತ್ತಾಗಿದ್ದು ಒಂದೇ ಸಾಲು: ಒಂದು ವಿಮಾನ ವಾಪಸ್ ಬಂದಿಲ್ಲ. ಜೊತೆಗೆ ಹೋದವರು ಯಾರೂ ಆ ಕಾಳಗ ನೋಡಿರಲಿಲ್ಲ. ಕಡತದಲ್ಲಿ ದೇವಯ್ಯ ‘ನಾಪತ್ತೆ’ ಆದರು. ಆ ಪದದ ಭಾರ ಮನೆಯವರಿಗೆ ಮಾತ್ರ ಗೊತ್ತು. ಅತ್ತ ತಿಥಿ ಮಾಡೋ ಹಾಗಿಲ್ಲ, ಇತ್ತ ಕಾಯೋದು ಬಿಡೋ ಹಾಗಿಲ್ಲ. ಕೊನೆಗೆ ಸುಳಿವು ಬಂದದ್ದು ಎದುರು ಪಾಳಯದ ಕಡೆಯಿಂದ. ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ ಪಾಕಿಸ್ತಾನ ವಾಯುಪಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ 1979ರಲ್ಲಿ ಹೊರಬಂತು. ತಮ್ಮ ಸ್ಟಾರ್‌ಫೈಟರ್ ಮಿಸ್ಟೇರ್ ಒಂದರ ಜೊತೆಗಿನ ಕಾಳಗದಲ್ಲಿ ಹೋಯಿತು ಅನ್ನೋ ವಿವರ ಅದರಲ್ಲಿತ್ತು. ಆ ದಿನದ ದಾಳಿಯ ನಾಯಕತ್ವ ವಹಿಸಿದ್ದ ಓ.ಪಿ. ತನೇಜಾ ಅವರಂಥ ಹಿರಿಯರು ಲೆಕ್ಕ ಕೂಡಿಸಿದರು. ವಾಪಸ್ ಬಾರದ ಮಿಸ್ಟೇರ್ ಯಾವುದು, ಅದರಲ್ಲಿದ್ದವರು ಯಾರು? 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ.

ಸ್ವಲ್ಪ ಯೋಚಿಸಿ. ಶೌರ್ಯ ಪದಕ ಧೈರ್ಯಕ್ಕಷ್ಟೇ ಸಿಗಲ್ಲ. ಧೈರ್ಯವನ್ನ ಯಾರೋ ನೋಡಿರಬೇಕು, ನೋಡಿದವರು ಬದುಕಿ ಬಂದಿರಬೇಕು, ಬಂದವರು ಬರೆದು ಕಳಿಸಬೇಕು, ಕಳಿಸಿದ್ದು ಮೇಲಿನ ಮೇಜುಗಳನ್ನ ದಾಟಬೇಕು. ನಮ್ಮ ಅಪ್ರೈಸಲ್ ನೆನಪಾದರೆ ನಗಬೇಡಿ, ಎರಡರ ದಾರಿ ಹೆಚ್ಚುಕಡಿಮೆ ಒಂದೇ. ಪದಕ ಪಡೆದವರ ಸ್ಮಾರಕ ಅಂದರೆ ಸಾಕ್ಷಿ ಸಿಕ್ಕವರ ಸ್ಮಾರಕವೂ ಹೌದು. ದೇವಯ್ಯನವರ ವಿಷಯದಲ್ಲಿ ಸಾಕ್ಷಿ ಹೇಳಿದ್ದು ಅವರ ಶತ್ರು. ಇಂಥ ಕಥೆ ಇಟ್ಟುಕೊಂಡು ನಾವು ಒಂದು ಪುತ್ಥಳಿ ಮಾಡಿ, ಸುತ್ತ ಟ್ರಾಫಿಕ್ ಬಿಟ್ಟಿದ್ದೀವಿ. ವರ್ಷಕ್ಕೊಮ್ಮೆ ಹಾರ ಹಾಕ್ತೀವಿ.

ಸಿನಿಮಾದವರು ಇದಕ್ಕಿಂತ ಚೆನ್ನಾಗಿ ಮಾಡಿದ್ರಾ? 2025ರ ಜನವರಿಯಲ್ಲಿ ಬಂದ ಹಿಂದಿಯ ‘ಸ್ಕೈ ಫೋರ್ಸ್’ ಇದೇ ಘಟನೆಯ ಮೇಲೆ ನಿಂತದ್ದು. ಒಂದು ವಿಷಯಕ್ಕೆ ಅದನ್ನ ಮೆಚ್ಚಬೇಕು: ಕಥೆ ಇರೋದು ಆಕಾಶದಲ್ಲಿ ಮಾತ್ರ ಅಲ್ಲ, ನಂತರದ ಹುಡುಕಾಟದಲ್ಲಿ ಅಂತ ಅದಕ್ಕೆ ಗೊತ್ತಿದೆ. ಅಕ್ಷಯ್ ಕುಮಾರ್ ಪಾತ್ರ ಕಳೆದುಹೋದ ಪೈಲಟ್‌ನ ಬೆನ್ನು ಹತ್ತಿ ಹೋಗೋದೇ ಸಿನಿಮಾದ ಜೀವ. ಆದರೆ ಪೈಲಟ್ ಪಾತ್ರದ ಹೆಸರು ಟಿ. ಕೃಷ್ಣ ವಿಜಯ. ಎರಡು ದಶಕ ತನ್ನ ಹೆಸರಿಗೆ ಸಲ್ಲಬೇಕಾದ್ದು ಸಲ್ಲದೇ ಇದ್ದ ಮನುಷ್ಯನ ಸಿನಿಮಾ ಮಾಡುವಾಗ ಮೊದಲು ಬದಲಾದದ್ದು ಹೆಸರು! ಕಾನೂನಿನ ಕಾರಣ ಇರಬಹುದು, ಕಥೆಯ ಸ್ವಾತಂತ್ರ್ಯ ಇರಬಹುದು. ನೋಡುವವನಿಗೆ ಮಾತ್ರ ಅಜ್ಜಮಾಡ ಅನ್ನೋ ಮನೆತನವೂ ಸಿಗಲ್ಲ, ಕೊಡಗೂ ಸಿಗಲ್ಲ. ಸರ್ಕಲ್‌ನಲ್ಲಿ ಹೆಸರಿದೆ, ಕೆಲಸ ಇಲ್ಲ. ಸಿನಿಮಾದಲ್ಲಿ ಕೆಲಸ ಇದೆ, ಹೆಸರಿಲ್ಲ.

ಇದನ್ನೆಲ್ಲ ಒಟ್ಟಿಗೆ ಹೇಳುವ ಕಲೆ ನಮಗೆ ಗೊತ್ತಿರಲಿಲ್ಲ ಅಂತೇನೂ ಅಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಹೋಗಿ. ಕಬ್ಬನ್ ಪಾರ್ಕ್‌ಗೆ ಓಡೋಕೆ ಹೋಗೋರಿಗೆ ಅದು ಪಕ್ಕದಲ್ಲೇ. ಬೇಗೂರಿನಿಂದ ತಂದ ಒಂದು ವೀರಗಲ್ಲು ಅಲ್ಲಿದೆ. ಹೌದು, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ತೀವಲ್ಲ, ಅಲ್ಲೇ ಹತ್ತಿರದ ಬೇಗೂರು. ಗಂಗರ ಕಾಲದ್ದು. ಆನೆ, ಕುದುರೆ, ಬಿದ್ದ ಮೈಗಳು ಎಲ್ಲ ಒತ್ತೊತ್ತಾಗಿ ಒಂದೇ ಚಪ್ಪಡಿಯಲ್ಲಿ. ಯಾವ ಯುದ್ಧ, ಯಾವ ಜಾಗ, ನಾಗತ್ತರ ಆನೆಗಳಿಗೆ ಎದುರಾಗಿ ಹೇಗೆ ಸತ್ತ, ಆಮೇಲೆ ಆ ಪಟ್ಟ ಯಾರಿಗೆ ಹೋಯಿತು, ಯಾವ ಊರುಗಳನ್ನ ಕೊಟ್ಟರು, ಎಲ್ಲ ಬರೆದಿದೆ. ಅಂದ್ರೆ ಅದು ಬರೀ ಹೊಗಳಿಕೆ ಅಲ್ಲ, ದಾಖಲೆ. ಸತ್ತವನ ಮನೆಯವರಿಗೆ ಸಲ್ಲಬೇಕಾದ್ದರ ರಸೀದಿ.

ಅದೇ ಮ್ಯೂಸಿಯಂನಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೂ ಇದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ‘ಏನು ಬೇಕು ಕೇಳು’ ಅಂದ ಬೂತುಗನ ಹತ್ರ ಕಾಳಿ ಅನ್ನೋ ನಾಯಿಯನ್ನ ಕೇಳಿ ಪಡೆದ. ಆ ನಾಯಿ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತೆ ಅಂತ ಅಲ್ಲಿನ ಗೊರವನಿಗೆ ಎಚ್ಚರಿಕೆ ಬೇರೆ ಕೊಟ್ಟಿದ್ದಾರೆ. ಹತ್ತನೇ ಶತಮಾನದ ಒಂದು ಬೇಟೆನಾಯಿ ಹೇಗೆ ಸತ್ತಿತು ಅಂತ ಕಲ್ಲು ನೋಡಿ ತಿಳ್ಕೋಬಹುದು. 1965ರ ಮಹಾವೀರ ಚಕ್ರದ ಅಧಿಕಾರಿ ಹೇಗೆ ಹೋದರು ಅಂತ ತಿಳಿಯೋಕೆ ಪುತ್ಥಳಿ ನೋಡಿದ್ರೆ ಆಗಲ್ಲ.

ಇಲ್ಲಿ ಒಂದು ಎದುರುಮಾತು ಬರುತ್ತೆ. ಆ ವೀರಗಲ್ಲುಗಳಲ್ಲೂ ಉತ್ಪ್ರೇಕ್ಷೆ ಇದೆ, ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗೋದೂ ಇದೆ, ಅದೂ ಪ್ರಚಾರವೇ ಅಲ್ವಾ ಅಂತ. ಇರಬಹುದು. ಆದರೆ ಅಪ್ಸರೆಯರ ಕೆಳಗೆ, ಕಣ್ಣಿಗೆ ಎಟುಕೋ ಮಟ್ಟದಲ್ಲಿ, ಅವನು ಹೇಗೆ ಸತ್ತ ಅನ್ನೋದನ್ನ ಕೆತ್ತಿದ ಮೇಲೇ ಶಿಲ್ಪಿ ಸ್ವರ್ಗದ ಕಡೆ ಹೋಗ್ತಾನೆ. ನಾವು ಕೆಳಗಿನ ಪಟ್ಟಿಕೆ ಬಿಟ್ಟು ಸೀದಾ ಸ್ವರ್ಗದಿಂದ ಶುರು ಮಾಡ್ತೀವಿ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿರೋ ಭಾರೀ ಏಕಶಿಲೆಗೂ ‘ವೀರಗಲ್ಲು’ ಅಂತಲೇ ಹೆಸರು. ಹೆಸರು ಸರಿಯಾದ ಜಾಗದಿಂದಲೇ ಬಂದಿದೆ. ಅಲ್ಲಿ ಸಾಲುಸಾಲು ಹೆಸರುಗಳನ್ನೂ ಕೆತ್ತಿದ್ದಾರೆ, ಆ ಸಾಲುಗಳ ಮುಂದೆ ನಡೆದರೆ ಎದೆ ಭಾರ ಆಗೋದು ನಿಜ. ಸಾವಿರಾರು ಜನರ ಕಥೆಯನ್ನ ಯಾವ ಗೋಡೆಯೂ ಹೊರಲ್ಲ, ಒಪ್ಪಿದೆ. ಒಬ್ಬರಿಗೇ ಅಂತ ಮಾಡಿದ ಸ್ಮಾರಕಕ್ಕೆ ಆ ನೆಪ ಇಲ್ಲ.

ನಾನು ಮ್ಯೂಸಿಯಂ ಕೇಳ್ತಿಲ್ಲ, ಲೈಟು ಸೌಂಡು ಶೋ ಅಂತೂ ದಯವಿಟ್ಟು ಬೇಡ. ಕನ್ನಡದಲ್ಲಿ, ಕೊಡವ ತಕ್ಕ್‌ನಲ್ಲಿ, ಬಸ್ಸಿಗೆ ಕಾಯೋರು ಓದಬಹುದಾದ ಎತ್ತರದಲ್ಲಿ ಒಂದು ಕಲ್ಲು ಸಾಕು. ಕೆಳಗಿನ ಪಟ್ಟಿಕೆಯಲ್ಲಿ ಎರಡು ವಿಮಾನ, ಒಂದು ಚಿಕ್ಕದು, ಒಂದು ಚೂಪು ಮೂಗಿನದು. ಪಕ್ಕದಲ್ಲಿ ನಾಲ್ಕು ಮಾತು: ಸರದಿ ಇಲ್ಲದಿದ್ದರೂ ಹೋದದ್ದು, ಏಟು ತಿಂದ ಮೇಲೂ ತಿರುಗಿದ್ದು, ಗಡಿಯಾಚೆಯ ಹಳ್ಳಿಯವರೇ ಮಣ್ಣು ಮಾಡಿದ್ದು, ನಮಗೆ ಗೊತ್ತಾಗೋಕೆ 1988 ಆಗಿದ್ದು. ಎದುರಾಳಿ ಪೈಲಟ್‌ನ ಹೆಸರೂ ಇರಲಿ, ಸಾಕ್ಷಿ ಅಂತ. ಇಷ್ಟಕ್ಕೆ ಜಾಗ ಸಾಲದಿದ್ದರೆ, ಇಂಥ ಕಡೆಗಳಲ್ಲೆಲ್ಲ ಉದ್ಘಾಟಕರ, ಘನ ಉಪಸ್ಥಿತರ ಹೆಸರಿಗೆ ಅಂತ ಒಂದು ದೊಡ್ಡ ಫಲಕ ಮಾಡಿಸ್ತಾರಲ್ಲ, ಅಷ್ಟೇ ಅಳತೆಯದ್ದು ಒಂದು ಆದರೂ ಸಾಕು.