ಎಣಿಕೆಗೆ ಸಿಕ್ಕದ ದೋಷ: ಮೊಬೈಲ್ ಬಳಕೆಯ ಅಧ್ಯಯನದಲ್ಲಿ ಒಂದು ವಿವಾದ

ಉಪಕರಣವೊಂದು ಬಳಸುವವರ ಕೈಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಎಲ್ಲಿ ಪರೀಕ್ಷಿಸಬೇಕು? ಮೇಜಿನ ಮೇಲಿನ ಗಣಕಯಂತ್ರದ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಬಳಸುವ ಕೊಠಡಿಗೂ ಪರೀಕ್ಷಿಸುವ ಕೊಠಡಿಗೂ ಅಲ್ಲಿ ಹೆಚ್ಚಿನ ಭೇದವಿರಲಿಲ್ಲ. ಮೊಬೈಲ್ ಉಪಕರಣವಾದರೋ ಬಸ್ಸಿನಲ್ಲಿ, ಬಿಸಿಲಿನಲ್ಲಿ, ಬೇರೊಂದು ಕೆಲಸದ ನಡುವೆ ಬಳಕೆಯಾಗುವಂಥದು. ಆದಕಾರಣ, 1998ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ‘ಮೊಬೈಲ್ ಎಚ್.ಸಿ.ಐ.’ ಎಂಬ ವಿದ್ವದ್ಗೋಷ್ಠಿಗಳಲ್ಲಿ ‘ಪ್ರಯೋಗಶಾಲೆಯೋ, ಕ್ಷೇತ್ರವೋ?’ ಎಂಬ ವಿವಾದ ತಲೆದೋರಿದ್ದು ಸಹಜವೇ ಆಗಿದೆ. ಪ್ರಕೃತ ಲೇಖಕನು ಇತಿಹಾಸದ ಅಧ್ಯಾಪಕನೇ ಹೊರತು ತಂತ್ರಜ್ಞನಲ್ಲ. ಆದರೆ ಈ ವಿವಾದ ಮೂಲತಃ ಸಾಕ್ಷ್ಯವನ್ನು ಕುರಿತದ್ದು. ಸಾಕ್ಷ್ಯವನ್ನು ಕುರಿತು ಎರಡು ಮಾತು ಹೇಳಲು ಇತಿಹಾಸದ ವಿದ್ಯಾರ್ಥಿಗೂ ಅವಕಾಶವುಂಟು.

2003ರಲ್ಲಿ ಯೆಸ್ಪರ್ ಕೆಲ್ಡ್‌ಸ್ಕೋವ್ ಮತ್ತು ಕಾನರ್ ಗ್ರಹಾಂ ಎಂಬ ವಿದ್ವಾಂಸರು ಈ ಕ್ಷೇತ್ರದ 102 ಪ್ರಬಂಧಗಳನ್ನು ವರ್ಗೀಕರಿಸಿ, ನಿಜವಾದ ಬಳಕೆಯ ಸನ್ನಿವೇಶಕ್ಕಿಂತ ಕೃತಕ ಸನ್ನಿವೇಶದತ್ತಲೇ ಸಂಶೋಧನೆಯ ಒಲವು ಇದೆಯೆಂದು ತೋರಿಸಿದರು. ಮರುವರ್ಷವೇ ಕೆಲ್ಡ್‌ಸ್ಕೋವ್, ಮಿಕೆಲ್ ಸ್ಕೋವ್ ಮತ್ತು ಇಬ್ಬರು ಸಹೋದ್ಯೋಗಿಗಳು ಆ ಒಲವನ್ನು ಸಮರ್ಥಿಸುವಂತೆ ತೋರುವ ಪ್ರಬಂಧವೊಂದನ್ನು ಪ್ರಕಟಿಸಿದರು. ‘ಅಷ್ಟು ತೊಂದರೆ ಪಡುವುದು ಸಾರ್ಥಕವೆ?’ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಡೆನ್ಮಾರ್ಕಿನ ಆಸ್ಪತ್ರೆಯೊಂದರಲ್ಲಿ ದಾದಿಯರ ಬೆಳಗಿನ ಕೆಲಸಕ್ಕೆ ನೆರವಾಗಲೆಂದು ರಚಿಸಿದ್ದ ಕೈಯುಪಕರಣವನ್ನು ಆರು ಮಂದಿ ಪ್ರಯೋಗಶಾಲೆಯಲ್ಲಿ ಬಳಸಿದರು. ಬೇರೆ ಆರು ಮಂದಿ ವಾರ್ಡಿನಲ್ಲೇ ಬಳಸಿದರು. ಒಟ್ಟು ಕಂಡುಬಂದ 37 ದೋಷಗಳಲ್ಲಿ 36 ಪ್ರಯೋಗಶಾಲೆಯಲ್ಲಿಯೂ 23 ವಾರ್ಡಿನಲ್ಲಿಯೂ ಗೋಚರಿಸಿದವು. ಕ್ಷೇತ್ರದಲ್ಲಿ ಪರೀಕ್ಷಿಸುವುದರಿಂದ ಬರುವ ಹೆಚ್ಚಿನ ಲಾಭ ಅತ್ಯಲ್ಪವೆಂದು ಅವರು ತೀರ್ಮಾನಿಸಿದರು.

ಈ ಪ್ರಬಂಧದ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಎಲ್ಲರೂ ಕೇವಲ ಅಭಿಪ್ರಾಯ ಹೇಳುತ್ತಿದ್ದ ವಿಷಯವನ್ನು ಇವರು ಪರೀಕ್ಷೆಗೆ ಒಡ್ಡಿದರು. ತಮಗೆ ಕಂಡದ್ದನ್ನು ಮರೆಮಾಚದೆ ಹೇಳಿದರು. ಆದರೂ ತೀರ್ಮಾನ ನಿಂತಿರುವ ಅಡಿಪಾಯವನ್ನು ವಿಚಾರಿಸಬೇಕಾಗಿದೆ.

ಶಾಸನದ ಪಡಿಯಚ್ಚನ್ನು ತಂದು, ಕೊಠಡಿಯಲ್ಲಿ ಒಳ್ಳೆಯ ಬೆಳಕಿನಲ್ಲಿ ಹರಡಿಕೊಂಡು ಓದುವವನಿಗೆ ಕಲ್ಲಿನ ಎದುರು ಕುಕ್ಕರಗಾಲಿನಲ್ಲಿ ಕುಳಿತವನಿಗಿಂತ ಹೆಚ್ಚು ಅಕ್ಷರಗಳು ದೊರೆಯುವುದು ಅಸಂಭವವೇನಲ್ಲ. ಓದಿದ ಅಕ್ಷರಗಳ ಸಂಖ್ಯೆಯೇ ಅಳತೆಗೋಲಾದರೆ ಊರಿಗೆ ಹೋಗುವ ತೊಂದರೆ ವ್ಯರ್ಥವೆಂದೇ ತೋರೀತು. ಆದರೆ ಆ ಕಲ್ಲು ಕೆರೆಯ ಏರಿಯ ಮೇಲಿದೆಯೋ, ದೇಗುಲದ ಬಾಗಿಲಲ್ಲಿದೆಯೋ, ಹೊಲದ ಎಲ್ಲೆಯಲ್ಲಿದೆಯೋ ಎಂಬುದನ್ನು ಪಡಿಯಚ್ಚು ಹೇಳಲಾರದು. ದೋಷಗಳ ಎಣಿಕೆಯೂ ಹಾಗೆಯೇ. ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಳತೆ; ಆ ಅಳತೆಯಿಂದ ಅಳೆದಾಗ ಪ್ರಯೋಗಶಾಲೆಯೇ ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಅಂಶ. ಪ್ರಯೋಗಶಾಲೆಯಲ್ಲಿ ಏನು ಮಾಡಬೇಕೆಂಬುದನ್ನು ಸಂಶೋಧಕನು ಗೊತ್ತುಮಾಡುತ್ತಾನೆ. ವಾರ್ಡಿನಲ್ಲಿ ಅದನ್ನು ಗೊತ್ತುಮಾಡುವುದು ರೋಗಿಯ ಸ್ಥಿತಿ. ದಾದಿ ಉಪಕರಣದ ಒಂದು ಭಾಗವನ್ನು ಮುಟ್ಟದೆಯೇ ಕೆಲಸ ಮುಗಿಸಿದರೆ ಆ ಭಾಗದ ದೋಷ ಪಟ್ಟಿಗೆ ಸೇರುವುದಿಲ್ಲ. ಆದರೆ ಅವಳು ಅದನ್ನು ಏಕೆ ಮುಟ್ಟಲಿಲ್ಲ? ಯಾವ ದೋಷಕ್ಕಿಂತಲೂ ದೊಡ್ಡ ಸಂಗತಿ ಇದೇ ಆಗಿರಬಹುದು. ‘ಈಗ ಇದನ್ನು ಒತ್ತಿ’ ಎಂದು ಹೇಳಿ ಒತ್ತಿಸುವ ಕೊಠಡಿಯಲ್ಲಿ ಈ ಪ್ರಶ್ನೆ ಹುಟ್ಟಲೇ ಆರದು. ವಾರ್ಡಿನಲ್ಲಿ ಮಾತ್ರ ಕಂಡ ಆ ಒಂದು ದೋಷವನ್ನೂ ಮೂವತ್ತೇಳರಲ್ಲಿ ಒಂದು ಎಂದು ಎಣಿಸಿಬಿಡುವುದು ಸುಲಭ. ಅದನ್ನು ತೂಗಿ ನೋಡುವುದು ಬೇರೆಯೇ ಕೆಲಸ.

ಮೂರನೆಯದಾಗಿ, ಪ್ರಯೋಗಶಾಲೆಯ ಗೆಲುವು ಕ್ಷೇತ್ರದ ಋಣದಲ್ಲಿದೆ. ಬಳಕೆಯ ಸನ್ನಿವೇಶದ ಮುಖ್ಯ ಅಂಶಗಳನ್ನು ಪ್ರಯೋಗಶಾಲೆಯಲ್ಲಿ ಮರುರೂಪಿಸಿದರೆ ಅದೇ ದೋಷಗಳು ಕಾಣುತ್ತವೆ ಎಂದು ಲೇಖಕರೇ ಹೇಳಿದ್ದಾರೆ. ಸರಿ, ಆದರೆ ಮುಖ್ಯ ಅಂಶಗಳು ಯಾವುವೆಂದು ತಿಳಿಯುವುದು ಹೇಗೆ? ಯಾರಾದರೊಬ್ಬರು ಮೊದಲು ವಾರ್ಡಿನಲ್ಲಿ ನಿಂತು ನೋಡಿರಲೇಬೇಕಷ್ಟೆ. ಪ್ರಬಂಧದ ಶೀರ್ಷಿಕೆಯನ್ನಷ್ಟೇ ನೆನಪಿನಲ್ಲಿಟ್ಟುಕೊಂಡು ತಮ್ಮ ಕೊಠಡಿಯಲ್ಲೇ ಉಳಿಯುವವರು ಈ ಷರತ್ತನ್ನು ಮರೆಯುತ್ತಾರೆ.

2006ರಲ್ಲಿ ನೀಲ್ಸನ್, ಸ್ಟೇಗ ಮೊದಲಾದ ಐವರು ‘ತೊಂದರೆ ಸಾರ್ಥಕವೇ!’ ಎಂದು ಉತ್ತರವಿತ್ತರು. ಒಂದೇ ಕ್ರಮದಲ್ಲಿ ಎರಡೂ ಕಡೆ ಪರೀಕ್ಷಿಸಿದಾಗ, ಮನಸ್ಸಿನ ಮೇಲೆ ಬೀಳುವ ಹೊರೆಗೂ ಬಳಕೆಯ ರೀತಿಗೂ ಸಂಬಂಧಿಸಿದ ಹೆಚ್ಚಿನ ದೋಷಗಳು ಕ್ಷೇತ್ರದಲ್ಲಿ ಕಂಡವೆಂಬುದು ಅವರ ವಾದ. ಈ ಉತ್ತರವೂ ಎಣಿಕೆಯನ್ನು ಎಣಿಕೆಯಿಂದಲೇ ಎದುರಿಸಿತು. ಆದರೂ ದೋಷದ ಸಂಖ್ಯೆಯಿಂದ ದೋಷದ ಜಾತಿಯತ್ತ ದೃಷ್ಟಿಯನ್ನು ತಿರುಗಿಸಿದ್ದು ಇದರ ಲಾಭ. 2014ರಲ್ಲಿ ಕೆಲ್ಡ್‌ಸ್ಕೋವ್ ಮತ್ತು ಸ್ಕೋವ್ ಹತ್ತು ವರ್ಷಗಳ ಚರ್ಚೆಯನ್ನು ತಾವೇ ಪರಾಮರ್ಶಿಸಿ, ಪ್ರಶ್ನೆಗೆ ಖಚಿತವಾದ ಉತ್ತರ ಇನ್ನೂ ದೊರೆತಿಲ್ಲವೆಂದೂ, ಕ್ಷೇತ್ರಕ್ಕೆ ಹೋಗಬೇಕೆ ಎಂಬುದಕ್ಕಿಂತ ಯಾವಾಗ, ಹೇಗೆ ಹೋಗಬೇಕು ಎಂದು ಕೇಳಬೇಕೆಂದೂ, ದೀರ್ಘಕಾಲದ ಕ್ಷೇತ್ರಾಧ್ಯಯನ ಅಗತ್ಯವೆಂದೂ ಬರೆದರು. ತಮ್ಮದೇ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳುವ ಪ್ರಾಮಾಣಿಕತೆ ವಿದ್ವತ್ತಿಗೆ ಭೂಷಣ.

ಇದೆಲ್ಲ ಡೆನ್ಮಾರ್ಕಿನವರ ಚರ್ಚೆ, ನಮಗೇನು ಎನ್ನುವಂತಿಲ್ಲ. 2021ರಿಂದ ಅಂಗನವಾಡಿಗಳ ದಾಖಲೆಗಾಗಿ ಕೇಂದ್ರ ಸರ್ಕಾರದ ‘ಪೋಷಣ್ ಟ್ರ್ಯಾಕರ್’ ಬಂದಿದೆ. ನಮ್ಮ ಊರುಗಳ ಕಾರ್ಯಕರ್ತೆಯರು ಮಕ್ಕಳ ತೂಕವನ್ನೂ ಎತ್ತರವನ್ನೂ ಮೊಬೈಲಿನಲ್ಲಿ ತುಂಬಬೇಕಾಗಿದೆ. ಅಳುವ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಂಕಿ ಒತ್ತುವಾಕೆಯ ಕಷ್ಟ ಕಾಲೇಜಿನ ಗಣಕ ಕೊಠಡಿಯಲ್ಲಿ ಸಹಪಾಠಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಕಾಣಿಸದು. ಅಂಕಿ ತಪ್ಪಾದರೆ ತಪ್ಪುವುದು ಆ ಮಗುವಿನ ಲೆಕ್ಕ.

ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಾಸನಪಾಠದೊಡನೆ ಕಲ್ಲು ಇರುವ ಸ್ಥಳವನ್ನೂ ನಮೂದಿಸಿದರು. ಮೊಬೈಲ್ ಬಳಕೆಯನ್ನು ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಗಳೂ ತಮ್ಮ ವರದಿಗಳಲ್ಲಿ ಇಷ್ಟನ್ನಾದರೂ ಹೇಳಲಿ: ಬಳಸಿದವರು ಯಾರು, ಎಲ್ಲಿ ನಿಂತು ಬಳಸಿದರು, ಕೆಲಸವನ್ನು ಗೊತ್ತುಮಾಡಿದವರು ಯಾರು, ಬಳಸದೆ ಬಿಟ್ಟದ್ದು ಏನು. ಈ ನಾಲ್ಕು ತಿಳಿದ ಮೇಲೆ ದೋಷಗಳನ್ನು ಎಣಿಸಬಹುದು.